ಗುಂಪಿನಲ್ಲಿ ಕೂತರೆ ಸಾಲದು, ಕೂಡಿ ಕಲಿಯಬೇಕು

ನಾಲ್ಕನೇ ತರಗತಿಯ ಮಗಳು ಮೊನ್ನೆ ಶಾಲೆಯಿಂದ ಸಾಂತಾಕ್ರೂಜಿನ ನಮ್ಮ ಮನೆಗೆ ಸಪ್ಪೆ ಮುಖ ಹೊತ್ತು ಬಂದಳು. ತರಗತಿಯಲ್ಲಿ ‘ಗ್ರೂಪ್ ಡಿಸ್ಕಷನ್’ ಇತ್ತಂತೆ. “ಅಪ್ಪಾ, ಒಬ್ಬನೇ ಮಾತಾಡಿದ. ಉಳಿದ ಐದು ಜನ ತಲೆ ಆಡಿಸಿದ್ವಿ. ಮಾರ್ಕ್ಸ್ ಮಾತ್ರ ಎಲ್ಲರಿಗೂ ಒಂದೇ” ಎಂದಳು.

ಶಾಲೆಯನ್ನು ದೂರುವುದು ಸುಲಭ. ಆದರೆ ಮಕ್ಕಳನ್ನು ಸುತ್ತ ಕೂರಿಸಿದರೆ ಸಹಕಾರ ತಾನಾಗಿ ಹುಟ್ಟುತ್ತದೆಂದು ನಂಬಿದವರು ನಾವೂ ಹೌದು.

1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಬೇರೆ ಬೇರೆ ಜನಾಂಗದ ಮಕ್ಕಳು ಒಂದೇ ತರಗತಿಗೆ ಬಂದಾಗ ಜಗಳಗಳಾದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಪಾಠವನ್ನು ಭಾಗ ಮಾಡಿ ಗುಂಪಿನ ಪ್ರತಿ ಮಗುವಿಗೂ ಒಂದೊಂದು ಭಾಗ ಕೊಡಿಸಿದರು. ಪೂರ್ತಿ ಪಾಠ ತಿಳಿಯಬೇಕಾದರೆ ಪಕ್ಕದವರ ಮಾತು ಕೇಳಲೇಬೇಕು. ಇದೇ ‘ಜಿಗ್‌ಸಾ’ ಪದ್ಧತಿ. ನಮ್ಮಲ್ಲೂ ದಾರಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮಗು ಶಿಕ್ಷಕರಿಂದ ಮಾತ್ರವಲ್ಲ, ಗುಂಪಿನ ಗೆಳೆಯರಿಂದಲೂ ಕಲಿಯುತ್ತದೆ.

ಇದನ್ನು ಇಲ್ಲಿಯೂ ಮಾಡಬಹುದು. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿ.ಮೀ. ಮಳೆ ದಾಖಲಾಯಿತು. ಅದನ್ನೇ ಪಾಠ ಮಾಡಿ. ಗುಂಪಿಗೆ ನಾಲ್ಕೇ ಮಕ್ಕಳು ಸಾಕು. ಒಬ್ಬಳು ಮಳೆಯ ಲೆಕ್ಕ ತರಲಿ. ಒಬ್ಬ ವಿಹಾರ್, ಪವಾಯಿ ಕೆರೆಗಳಿಂದ ಮಾಹಿಮ್ ಖಾರಿಯವರೆಗೆ ಮೀಠಿ ನದಿಯ ದಾರಿ ಬರೆಯಲಿ. ಇನ್ನೊಬ್ಬ ಸಮುದ್ರದ ಉಬ್ಬರ ಬಂದಾಗ ನೀರೇಕೆ ಇಳಿಯುವುದಿಲ್ಲ ಎಂದು ಹೇಳಲಿ. ಮತ್ತೊಬ್ಬಳು ಆ ದಿನದ ನೆನಪನ್ನು ಅಜ್ಜಿಯ ಬಾಯಿಂದ ಕೇಳಿಕೊಂಡು ಬರಲಿ. ಅಜ್ಜಿ ಹೇಳಿದ್ದು ಕನ್ನಡದಲ್ಲೋ ಮರಾಠಿಯಲ್ಲೋ ಇರಲಿ, ಗುಂಪಿನಲ್ಲಿ ಮನೆಮಾತಿಗೂ ಜಾಗವಿರಲಿ. ಇಂಗ್ಲಿಷ್ ಬಾರದೆ ಸುಮ್ಮನಿದ್ದ ಮಗುವಿನ ಬಳಿ ಎಲ್ಲರಿಗೂ ಬೇಕಾದ ಸಂಗತಿ ಇದ್ದೀತು.

ಕೊನೆಗೆ ಶಿಕ್ಷಕರು ಯಾರನ್ನು ಬೇಕಾದರೂ ಎಬ್ಬಿಸಿ ಪೂರ್ತಿ ಕಥೆ ಕೇಳಲಿ. ಆಗ ಚುರುಕು ಹುಡುಗ ತಾನೊಬ್ಬನೇ ಮಾತಾಡಿ ಗೆಲ್ಲಲಾರ; ಹಿಂದುಳಿದವನಿಗೆ ಹೇಳಿಕೊಡಲೇಬೇಕು. ಐವತ್ತು ಮಕ್ಕಳ ತರಗತಿಯಲ್ಲಿ ಗದ್ದಲವಾಗುತ್ತದೆ, ನಿಜ. ವಾರಕ್ಕೊಂದು ಪಾಠದಿಂದ ಶುರು ಮಾಡಿದರೂ ಸಾಕು.

ಹೆತ್ತವರ ಕೆಲಸವೂ ಇದೆ. ಊರು ಬಿಟ್ಟು ಬಂದ ನಾವು ಮಕ್ಕಳಿಗೆ ಮುಂದೆ ಓಡುವುದನ್ನೇ ಕಲಿಸಿದ್ದೇವೆ. ಈಗ ನಾನು ಮಗಳನ್ನು “ಎಷ್ಟು ಮಾರ್ಕ್ಸ್?” ಎಂದು ಕೇಳುವ ಮೊದಲು “ಇವತ್ತು ಯಾರ ಮಾತು ಕೇಳಿದೆ?” ಎಂದು ಕೇಳುತ್ತಿದ್ದೇನೆ. ಉತ್ತರ ಇನ್ನೂ ತಡವರಿಸುತ್ತದೆ, ಆದರೆ ಬರುತ್ತಿದೆ.