ಟ್ರೇಲರಿನ ಮೂಕಿಗೆ ಮತ್ತೆ ಬೆಸುಗೆ ಬೇಡ



ಕಳೆದ ಚಳಿಗಾಲ ಬೀದರಿಗೆ ಹೋದವನು ಅಷ್ಟೂರಿನ ಬಹಮನಿ ಗುಮ್ಮಟಗಳನ್ನು ನೋಡಿ ಹಿಂತಿರುಗುವಾಗ, ಕಬ್ಬಿನ ಟ್ರೇಲರೊಂದು ಮೂಕಿ ಮುರಿದು ದಾರಿಬದಿಗೆ ಮಲಗಿತ್ತು. ಮುರಿದದ್ದು ಹಳೆಯ ಬೆಸುಗೆಯ ಅಂಚಿನಲ್ಲೇ. ಕಾಫಿ ಮೂಟೆ, ಅಡಿಕೆ ಗೊನೆ ಹೊರುವ ನಮ್ಮ ಟ್ರೇಲರುಗಳ ಕಥೆಯೂ ಇದೇ ಅಲ್ಲವೇ?

"ಈ ಸಲ ಗಟ್ಟಿ ಉಕ್ಕು ಹಾಕಿಸಿದ್ದೇನೆ" ಎಂದು ಹಲವರಿಗೆ ಧೈರ್ಯ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ತುಂಡಾಗುವಂತೆ ಉಕ್ಕೂ ಕುಲುಕಾಟಕ್ಕೆ ದಣಿಯುತ್ತದೆ. ಬೆಸೆಯದ ಉಕ್ಕು ಗಟ್ಟಿಯಾದಷ್ಟೂ ದಣಿವನ್ನು ಹೆಚ್ಚು ತಾಳೀತು, ನಿಜ. ಬೆಸೆದ ಮೇಲೆ ಆ ಹೆಚ್ಚುಗಾರಿಕೆ ಬಹುಮಟ್ಟಿಗೆ ಹೋಯಿತು. ಬೆಸುಗೆಯಂಚಿನಲ್ಲಿ ಕಣ್ಣಿಗೆ ಕಾಣದ ಸೀಳುಗಳಿರುತ್ತವೆ. ಆರುವಾಗ ಕುಗ್ಗಿದ ಲೋಹ ಒಳಗೊಳಗೇ ಜಗ್ಗುತ್ತಿರುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ವೆಲ್ಡಿಂಗ್ ಕಡ್ಡಿ ಬಳಸಿದರಂತೂ ಗಟ್ಟಿ ಉಕ್ಕೇ ಮೊದಲು ಬಿರಿಯುವುದು. ಜಗ್ಗಾಟ ಎರಡು ಪಟ್ಟಾದರೆ ಬೆಸುಗೆಯ ಆಯುಸ್ಸು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ.

1980ರ ಮಾರ್ಚ್ 27ರಂದು ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲ್ಯಾಂಡ್ ಎಂಬ ನಾರ್ವೆಯ ತೇಲುವ ವಸತಿ ಕಟ್ಟೆ ಮಗುಚಿ 123 ಜನ ಸತ್ತರು. ಸಣ್ಣ ಉಪಕರಣವೊಂದನ್ನು ಕೂರಿಸಲು ಹಾಕಿದ್ದ 6 ಮಿಲಿಮೀಟರ್ ಬೆಸುಗೆಯಲ್ಲಿ ಬಿರುಕು ಶುರುವಾಗಿತ್ತು.

ಸಂಘದ ಟ್ರೇಲರಿನ ಮೂಕಿ ಎರಡು ಸಲ ಬೆಸುಗೆ ಕಂಡಿದೆ. ಹೊಸದನ್ನೇ ಹಾಕಿಸಬೇಕೆಂಬುದು ನನ್ನ ಅಭಿಪ್ರಾಯ. ಖರ್ಚಿನ ಮಾತೆತ್ತಿ ಆಡಳಿತ ಮಂಡಳಿಯಲ್ಲಿ ಆಕ್ಷೇಪ ಬಂದಿದೆ. ಬೇರೆ ಕಡೆ ಬೆಸೆಯಲೇಬೇಕಾದರೆ ಒಣ ಕಡ್ಡಿ ಬಳಸಿ, ಉಕ್ಕನ್ನು ಮೊದಲು ಬಿಸಿ ಮಾಡಿಸಿ, ಆಮೇಲೆ ಅಂಚನ್ನು ಉಜ್ಜಿಸಿ ನಯ ಮಾಡಿಸಿ. ಸ್ಪ್ರಿಂಗ್ ಪ್ಲೇಟಿಗೆ ಮಾತ್ರ ಬೆಸುಗೆ ತಾಗಿಸಲೇಬೇಡಿ. ಮೂಕಿಯ ವಿಷಯ ಮುಂದಿನ ಸಭೆಗೆ ಬರಲಿದೆ. ಸಂಜೆ ಅದೇ ಟ್ರೇಲರಿನಲ್ಲಿ ನಮ್ಮ ಆಳುಗಳೂ ಕೂತು ಬರುತ್ತಾರೆ.