ತರಬೇತುದಾರನಿಗೆ ಬೇಕಾದ ಮೂರು ವಿದ್ಯೆಗಳು

ಆಟದಲ್ಲಿ ಗೆದ್ದವನೇ ಆಟವನ್ನು ಕಲಿಸಬಲ್ಲನೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಕಾವ್ಯ ರಚಿಸಬಲ್ಲವರೆಲ್ಲರೂ ಅದನ್ನು ಪಾಠ ಹೇಳಬಲ್ಲರೆ? ಕ್ರೀಡಾಂಗಣದಲ್ಲಿಯೂ ಮಾತು ಹಾಗೆಯೇ. ವಾಲಿಬಾಲ್ ತರಬೇತುದಾರನಿಗೆ ಆಡಿದ ಅನುಭವ, ಕಲಿಸುವ ವಿವೇಕ, ದೇಹದ ನೋವನ್ನು ಅರಿತು ಉಪಚರಿಸುವ ಜ್ಞಾನ ಎಂಬ ಮೂರು ವಿದ್ಯೆಗಳು ಅವಶ್ಯಕ. ಇವುಗಳಲ್ಲಿ ಮೂರನೆಯದೇ ಹೆಚ್ಚಾಗಿ ಉಪೇಕ್ಷೆಗೆ ಒಳಗಾಗುತ್ತದೆ.

ಇವು ಕೂಡಿ ಬಂದರೆ ಏನಾದೀತೆಂಬುದಕ್ಕೆ ಚೀನಾದೇಶದ ಲಾಂಗ್ ಪಿಂಗ್ ಅವರೇ ನಿದರ್ಶನ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಈ ಆಟಗಾರ್ತಿಯನ್ನು, ಹೊಡೆತದ ಬಿರುಸು ಕಂಡು, ಜನ ‘ಕಬ್ಬಿಣದ ಸುತ್ತಿಗೆ’ ಎಂದು ಕರೆದರು. ಆ ಕೀರ್ತಿಗೆ ಅವರ ಮೊಣಕಾಲುಗಳು ತೆತ್ತ ಬೆಲೆ ಅಲ್ಪವಲ್ಲ, ಹಲವು ಶಸ್ತ್ರಚಿಕಿತ್ಸೆಗಳಾದವು. ಬಳಿಕ ಅವರು ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ತರಬೇತಿಯ ವೃತ್ತಿಗಿಳಿದರು. ಅವರ ಮಾರ್ಗದರ್ಶನದಲ್ಲಿ 1996ರಲ್ಲಿ ಚೀನಾ, 2008ರಲ್ಲಿ ಅಮೆರಿಕ ಬೆಳ್ಳಿಯ ಪದಕ ಪಡೆದವು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಚೀನಾ ಚಿನ್ನ ಗೆದ್ದಿತು. 2013ರಲ್ಲಿ ತಂಡವನ್ನು ಮತ್ತೆ ವಹಿಸಿಕೊಂಡಾಗ ಅವರು ದೇಹದಾರ್ಢ್ಯ ಶಿಕ್ಷಕರನ್ನೂ ಪುನಶ್ಚೇತನ ಚಿಕಿತ್ಸಕರನ್ನೂ ಜೊತೆಗೂಡಿಸಿಕೊಂಡರು; ಆಟಗಾರ್ತಿಯರ ಬಳಗವನ್ನು ಹಿಗ್ಗಿಸಿ, ಗಾಯಗೊಂಡವರಿಗೆ ವಿಶ್ರಾಂತಿ ದೊರೆಯುವಂತೆ ಮಾಡಿದರು. ನೊಂದ ದೇಹವೇ ಅವರಿಗೆ ಪಾಠ ಕಲಿಸಿತ್ತೆಂದರೆ ತಪ್ಪಾಗಲಾರದು.

ಕಠೋರ ಸಾಧನೆಯಿಂದಲೇ ಜಯ ಎಂದು ವಾದಿಸುವವರು ಜಪಾನಿನ ಹಿರೊಬುಮಿ ಡೈಮಾಟ್ಸು ಅವರನ್ನು ಉದಾಹರಿಸಬಹುದು. ಗಿರಣಿಯಲ್ಲಿ ದಿನದ ಕೆಲಸ ಮುಗಿಸಿದ ಯುವತಿಯರನ್ನು ಅವರು ನಡುರಾತ್ರಿಯವರೆಗೂ ಪಳಗಿಸಿದರು. 1964ರ ಟೋಕಿಯೊದಲ್ಲಿ ಚಿನ್ನ ದೊರೆಯಿತೆಂಬುದು ದಿಟ. ಆದರೆ ಅವರು ಆಯ್ದ ಪ್ರಾಪ್ತವಯಸ್ಕರು. ಶಾಲೆಯ ಮೈದಾನದಲ್ಲಿರುವವರು ಇನ್ನೂ ಎಲುಬು ಬಲಿಯದ ಮಕ್ಕಳು. ಒಲಿಂಪಿಕ್ ತಂಡದ ಅಳತೆಗೋಲಿನಿಂದ ಅವರನ್ನು ಅಳೆಯುವುದು ನ್ಯಾಯವಲ್ಲ.

ವಾಲಿಬಾಲ್ ಜಿಗಿತದ ಆಟ. ಬಲೆಯ ಬಳಿ ಜಿಗಿದವನು ಇನ್ನೊಬ್ಬನ ಪಾದದ ಮೇಲೆ ಇಳಿದರೆ ಕಾಲು ಉಳುಕುತ್ತದೆ. ಒಮ್ಮೆ ಉಳುಕಿದ ಕೀಲು ಮತ್ತೆ ಉಳುಕುವುದು ಸುಲಭ. ಊತವಿಳಿಯಿತೆಂದು ಮರುವಾರವೇ ಹುಡುಗನನ್ನು ಕಣಕ್ಕಿಳಿಸುವವನು ಅವನ ಹಿತೈಷಿಯಲ್ಲ. ಒಂಟಿಗಾಲಿನ ಸಮತೋಲನದ ಅಭ್ಯಾಸ ಇಂಥ ಉಳುಕನ್ನು ಕಡಿಮೆ ಮಾಡುತ್ತದೆ; ಅದಕ್ಕೆ ದುಡ್ಡು ಬೇಡ, ತಾಳ್ಮೆ ಸಾಕು. ಬೆಳೆಯುವ ವಯಸ್ಸಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ನೋವೆಂದು ಹೇಳುವ ಮಗುವನ್ನು ಮೈಗಳ್ಳನೆಂದು ಗದರುವುದು ಅಜ್ಞಾನ. ಜಿಗಿತಗಳ ಸಂಖ್ಯೆಯನ್ನು ತಗ್ಗಿಸಿ, ತೊಡೆಯ ಸ್ನಾಯುಗಳನ್ನು ಕ್ರಮವಾಗಿ ಬಲಪಡಿಸುವುದು ವಿವೇಕ.

ದೈಹಿಕ ಶಿಕ್ಷಕರು ವೈದ್ಯರಾಗಬೇಕೆಂದಲ್ಲ. ಯಾವ ನೋವಿಗೆ ವಿಶ್ರಾಂತಿ, ಯಾವುದಕ್ಕೆ ವ್ಯಾಯಾಮ, ಯಾವುದನ್ನು ಫಿಸಿಯೋಥೆರಪಿ ಬಲ್ಲವರ ಬಳಿಗೆ ಕಳುಹಬೇಕು ಎಂಬ ವಿವೇಚನೆಯಾದರೂ ಅವರಿಗಿರಬೇಕು. ಶಾಲೆಗಳಿಗೆ ಪಾರಿತೋಷಕಗಳನ್ನು ನೀಡುವ ಉದಾರಿಗಳಿಗೆ ಕೊರತೆಯಿಲ್ಲ. ಅವರಲ್ಲೊಬ್ಬರು ಶಿಕ್ಷಕರ ಇಂಥ ಶಿಕ್ಷಣಕ್ಕೆ ನೆರವಾದರೆ, ಗಾಜಿನ ಬೀರುವಿನಲ್ಲಿ ಒಂದು ಬಟ್ಟಲು ಕಡಿಮೆಯಾದೀತು. ಆದರೆ ನಲವತ್ತರ ವಯಸ್ಸಿನಲ್ಲಿ ಮೆಟ್ಟಿಲೇರಲು ಬಳಲುವ ಹಳೆಯ ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆಯಾದೀತು. ಯಾವ ಲಾಭ ಹಿರಿದೆಂಬುದನ್ನು ಸಹೃದಯರೇ ತೀರ್ಮಾನಿಸಲಿ.