ಒಂದೇ ಹೆಸರು, ಮೂರು ಬಾಳು

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳಲ್ಲಿ ನೆಲೆಸಿರುವ ನಮ್ಮ ಹಳೆಯ ಮನೆತನಗಳ ವಂಶಾವಳಿಯನ್ನು ಬಿಡಿಸಿ ನೋಡಿದರೆ, ಸಿದ್ಧಲಿಂಗಯ್ಯ ಎಂಬ ಹೆಸರಿನ ತಾತನೋ ದೊಡ್ಡಪ್ಪನೋ ಅಲ್ಲಿ ಕಾಣಸಿಗುವುದು ಸಹಜ. ಇದಕ್ಕೆ ಕಾರಣವೂ ದೂರದಲ್ಲಿಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು, ನೆಲಮಂಗಲದಲ್ಲಿ ಎಡಕ್ಕೆ ತಿರುಗಿ, ಕುಣಿಗಲ್ ದಾಟಿ ಮುಂದೆ ಸಾಗಿದರೆ ಎಡೆಯೂರು ಸಿಗುತ್ತದೆ. ತೋಂಟದ ಸಿದ್ಧಲಿಂಗ ಯತಿಗಳು ಸಮಾಧಿಸ್ಥರಾದ ಪುಣ್ಯಕ್ಷೇತ್ರವದು. ಕಗ್ಗೆರೆಯ ತೋಟದಲ್ಲಿ ತಪೋನಿರತರಾಗಿದ್ದುದರಿಂದ 'ತೋಂಟದ' ಎಂಬ ವಿಶೇಷಣ ಪಡೆದ ಈ ಮಹಾನುಭಾವರು, ಬಸವಾದಿ ಶರಣರ ತರುವಾಯ ಮಂಕಾಗಿದ್ದ ವಚನಪರಂಪರೆಗೆ ಮರುಜೀವ ನೀಡಿದರು. ಅವರ 'ಷಟ್‌ಸ್ಥಲ ಜ್ಞಾನಸಾರಾಮೃತ'ದಲ್ಲಿ 701 ವಚನಗಳಿವೆ. ಎಡೆಯೂರಿಗೆ ಹರಕೆ ಹೊತ್ತು ಪಡೆದ ಮಗುವಿಗೆ ಅವರ ಹೆಸರಿಡುವ ವಾಡಿಕೆ ಈ ಸೀಮೆಯಲ್ಲಿ ಬಹುಕಾಲದಿಂದ ಬಂದಿದೆ.

ಒಂದೇ ಹೆಸರು ಹೊತ್ತು ಬೇರೆ ಬೇರೆ ರಂಗಗಳಲ್ಲಿ ಬಾಳಿದವರನ್ನು ನೆನೆಯುವಾಗ ನಮಗೆ ಮೊದಲು ಹೊಳೆಯುವುದು ಈ ಹೆಸರೇ.

ಮೊದಲನೆಯವರು ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ಧಲಿಂಗಯ್ಯನವರು. ಯಲಹಂಕದಿಂದ ಉತ್ತರಕ್ಕಿರುವ ದೊಡ್ಡಬಳ್ಳಾಪುರದವರು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಪ್ರಥಮ ಅಧಿವೇಶನ ಕೂಡಿದಾಗ ಅಧ್ಯಕ್ಷ ಪೀಠ ಅವರದಾಗಿತ್ತು. ಸಂಸ್ಥಾನದ ಸರ್ಕಾರ ಧ್ವಜಾರೋಹಣವನ್ನು ನಿಷೇಧಿಸಿತ್ತು. ಆ ಆಜ್ಞೆಯನ್ನು ಮೀರಿ ನಿಂತು ಅವರು ಬಂಧನಕ್ಕೊಳಗಾದರು. ಅದೇ ತಿಂಗಳು 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆದು ಅಮಾಯಕರು ಪ್ರಾಣ ತೆತ್ತರು. ಕೊನೆಗೆ ಸರ್ಕಾರವೇ ಮಣಿದು, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಸಮ್ಮತಿಸಿತು. ದೊಡ್ಡಬಳ್ಳಾಪುರದ ವೃತ್ತವೊಂದು ಇಂದಿಗೂ ಅವರ ಹೆಸರಿನಿಂದಲೇ ಗುರುತಾಗುತ್ತದೆ. ಅದನ್ನು ಬಳಸಿ ಹೋಗುವ ತರುಣರಲ್ಲಿ ಎಷ್ಟು ಮಂದಿಗೆ ಶಿವಪುರದ ಕಥೆ ತಿಳಿದಿದೆಯೋ!

ಎರಡನೆಯವರು ಚಲನಚಿತ್ರ ನಿರ್ದೇಶಕ ಸಿದ್ಧಲಿಂಗಯ್ಯನವರು. 1969ರಲ್ಲಿ 'ಮೇಯರ್ ಮುತ್ತಣ್ಣ' ಚಿತ್ರದಿಂದ ಹೆಸರಾದ ಇವರು, ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ 1972ರಲ್ಲಿ 'ಬಂಗಾರದ ಮನುಷ್ಯ'ವನ್ನೂ, ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿ 1974ರಲ್ಲಿ 'ಭೂತಯ್ಯನ ಮಗ ಅಯ್ಯು'ವನ್ನೂ ನೀಡಿದರು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ಬಂಜರು ನೆಲವನ್ನೂ ಹಸನು ಮಾಡಬಹುದೆಂಬ ಮಾತನ್ನು ಅಲ್ಲಿಯ ವಿದ್ವಾಂಸರು ಪಾಠದಲ್ಲಿ ಹೇಳುತ್ತಿದ್ದ ಕಾಲದಲ್ಲಿಯೇ ಈ ನಿರ್ದೇಶಕರು ಅದನ್ನು ರಾಜೀವನೆಂಬ ಪಾತ್ರದ ಮೂಲಕ ಮನೆಮನೆಗೂ ಮುಟ್ಟಿಸಿದರು. ಕೃಷಿ ಎಂದರೆ ಕೀಳರಿಮೆ ಪಡುತ್ತಿದ್ದ ವಿದ್ಯಾವಂತರಿಗೆ ಮಣ್ಣಿನ ಗೌರವವನ್ನು ತಿಳಿಸಿಕೊಟ್ಟ ಚಿತ್ರವದು. 2015ರ ಮಾರ್ಚ್‌ನಲ್ಲಿ ಅವರು ನಮ್ಮನ್ನಗಲಿದರು.

ಮೂರನೆಯವರು ಕವಿ ಡಾ. ಸಿದ್ಧಲಿಂಗಯ್ಯನವರು. ಇವರ ವಿಷಯದಲ್ಲಿ ನಾವು ತುಸು ನಿಧಾನವಾಗಿ ಸಾಗಬೇಕು. 1954ರಲ್ಲಿ ಮಾಗಡಿ ಸೀಮೆಯ ಮಂಚನಬೆಲೆಯ ದಲಿತ ಕುಟುಂಬವೊಂದರಲ್ಲಿ ಜನಿಸಿದ ಇವರು ಬೆಂಗಳೂರಿನ ಶ್ರೀರಾಮಪುರದ ಪರಿಸರದಲ್ಲಿ ಬೆಳೆದರು. ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾಗಿ, ವಿಧಾನ ಪರಿಷತ್ತಿನ ಸದಸ್ಯರಾಗಿ, 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ನಾಡಿಗೆ ಸಂದರು. 'ಬಾ ನಲ್ಲೆ ಮಧುಚಂದ್ರಕೆ' ಚಿತ್ರಕ್ಕೂ ಹಾಡು ಬರೆದುದರಿಂದ, ಈ ಹೆಸರನ್ನು ತೆರೆಯ ಮೇಲೆ ಕಂಡವರು ನಿರ್ದೇಶಕರಾರು, ಕವಿಯಾರು ಎಂದು ಗೊಂದಲಗೊಂಡಿದ್ದರೆ ಆಶ್ಚರ್ಯವಿಲ್ಲ. 2021ರಲ್ಲಿ ಕೋವಿಡ್ ಮಹಾಮಾರಿ ಅವರನ್ನು ಕೊಂಡೊಯ್ದಿತು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಸಂದಿತು.

ಅವರ ಆತ್ಮಕಥೆ 'ಊರುಕೇರಿ'ಯ ಆರಂಭದಲ್ಲಿಯೇ ಓದುಗರ ಎದೆ ಕಲಕುವ ದೃಶ್ಯವೊಂದಿದೆ. ಐನೋರ ಹೊಲದಲ್ಲಿ ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಉಳುತ್ತಿರುವುದನ್ನು ಬಾಲಕನೊಬ್ಬ ನೋಡುತ್ತಾನೆ. ಆ ಇಬ್ಬರಲ್ಲಿ ಒಬ್ಬರು ಅವನ ತಂದೆ. 'ಐನೋರು' ಎಂಬುದು ನಮ್ಮ ಮನೆಗಳಲ್ಲಿ ಭಕ್ತಿಯಿಂದ ಕರೆಯುವ ಮಾತು. ಸಿದ್ಧಲಿಂಗಯ್ಯ ಎಂಬ ಹೆಸರಿನ ಕೊನೆಯಲ್ಲಿರುವುದೂ ಅದೇ 'ಅಯ್ಯ'. ಎಡೆಯೂರಿನ ಯತಿಗಳ ಹೆಸರು ಕೇರಿಯ ಗುಡಿಸಲನ್ನು ಹೊಕ್ಕಿತು. ಆ ಹೆಸರನ್ನು ಹೊತ್ತ ಮಗುವಿನ ತಂದೆಯ ಹೆಗಲಿನಿಂದ ಮಾತ್ರ ನೊಗ ಇಳಿಯಲಿಲ್ಲ. ಶರಣರ ಹೆಸರನ್ನು ಊರೆಲ್ಲ ಹಂಚಿದ ನಾವು ಅವರ ನಡೆಯನ್ನು ಅಷ್ಟೇ ಉದಾರವಾಗಿ ಹಂಚಿದೆವೇ?

ಸಭೆ ಸಮಾರಂಭಗಳಲ್ಲಿ ಯಾರಾದರೂ ಇಂಥ ಹೆಸರು ಹೇಳಿದೊಡನೆ 'ನಮ್ಮವರೇ?' ಎಂದು ಮೆಲ್ಲಗೆ ವಿಚಾರಿಸುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಹೌದೆಂದರೆ ಮುಖ ಅರಳುತ್ತದೆ, ಅಲ್ಲವೆಂದರೆ ಮಾತು ಬೇರೆಡೆಗೆ ಹೊರಳುತ್ತದೆ. ಈ ಪ್ರಶ್ನೆಯನ್ನು ಅಣ್ಣ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಇತ್ಯರ್ಥಗೊಳಿಸಿದ್ದಾರೆ. ಆ ವಚನ ನಮ್ಮ ಮಕ್ಕಳಿಗೆಲ್ಲ ಕಂಠಪಾಠವಾಗಿದೆ. ಹಿರಿಯರಾದ ನಾವು ಮರೆಯುವುದಷ್ಟೇ ಉಳಿದ ಕೊರತೆ.

ಇತ್ತೀಚೆಗೆ ಎರಡು ಮೂರಕ್ಷರದ ಹೆಸರುಗಳೇ ಪ್ರಿಯವಾಗಿ, ಸಿದ್ಧಲಿಂಗಯ್ಯನೆಂಬ ಹೆಸರು ತೊಟ್ಟಿಲಿನಿಂದ ದೂರ ಸರಿಯುತ್ತಿದೆ. ಅದು ಆಯಾ ತಾಯ್ತಂದೆಯರ ಇಚ್ಛೆ. ಆದರೆ ತಾತನ ಹೆಸರೇಕೆ ಹೀಗಿತ್ತೆಂದು ಮೊಮ್ಮಕ್ಕಳು ಕೇಳಿದ ದಿನ ಎಡೆಯೂರಿನ ಕಥೆಯೊಂದನ್ನೇ ಹೇಳಿ ಮುಗಿಸದಿರೋಣ. ಶಿವಪುರದ ಬಾವುಟ, ರಾಜೀವನ ಹೊಲ, ಮಂಚನಬೆಲೆಯ ನೊಗ ಈ ಮೂರನ್ನೂ ಜೊತೆಗೂಡಿಸಿ ಹೇಳೋಣ. ಹೆಸರಿನ ಪೂರ್ಣಾರ್ಥ ಆ ಮಗುವಿಗೆ ಆಗ ತಿಳಿದೀತು.